ಎಡಗಣ್ಣಿನ ಕೆಳಗೆ

ಮೂರು ವರ್ಷ ಈ ಕಣ್ಣು ಸುಮ್ಮಸುಮ್ಮನೆ ಸೋರುತ್ತಿತ್ತು.
ಮಂಡ್ಯದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿಯ ಪಕ್ಕ
ನನ್ನ ಟೈಪಿಂಗ್ ಮೇಜು.
ಬಾಡಿಗೆ ಕರಾರು, ಬದುವಿನ ತಕರಾರು, ಯಾರದೋ ವಿಚ್ಛೇದನ,
ಎಲ್ಲಕ್ಕೂ ಒಂದೇ ಸಮ ಅಳುತ್ತಿದ್ದೆ, ಒಂದೇ ಕಣ್ಣಲ್ಲಿ.
"ಮೇಡಂಗೆ ಕರುಳು ಜಾಸ್ತಿ" ಎಂದು
ಕಕ್ಷಿದಾರರು ಹತ್ತು ರೂಪಾಯಿ ಹೆಚ್ಚಿಗೆ ಕೊಟ್ಟದ್ದೂ ಉಂಟು.

ಕರುಳಲ್ಲ, ಕೊಳವೆ.
ಕಣ್ಣಿಂದ ಮೂಗಿಗೆ ಇಳಿಯುವ ದಾರಿ ಮುಚ್ಚಿದೆ,
ವಿ.ಸಿ. ನಾಲೆಯ ತೂಬಿಗೆ ಕಸ ಕಟ್ಟಿದ ಹಾಗೆ, ಅಂದರು
ಮೈಸೂರಿನ ಡಾಕ್ಟರು. ಅವರೂ ನಮ್ಮ ಕಡೆಯವರೇ, ಪಾಂಡವಪುರ.
ಮೂಳೆಯಲ್ಲಿ ಸಣ್ಣ ಕಿಂಡಿ ಕೊರೆದರು.
ಎಚ್ಚರವಾದಾಗ ಮೂಗಿನಲ್ಲಿ ಹತ್ತಿ, ಬಾಯಲ್ಲಿ ತುಕ್ಕಿನ ರುಚಿ,
ದಿಂಬಿನ ಮೇಲೆ ನಾಲ್ಕಾಣೆಯಗಲ ರಕ್ತ.
"ಒಂದೆರಡು ದಿನ ಹನಿಯುತ್ತೆ. ಬಗ್ಗಬೇಡಿ, ಮೂಗು ಸೀಟಬೇಡಿ,
ಸೀನು ಬಂದರೆ ಬಾಯಿ ತೆಗೆದು ಸೀನಿ.
ಕಣ್ಣ ಸುತ್ತ ಕಪ್ಪಾಗುತ್ತೆ, ಹೆದರಬೇಡಿ."

ಕಪ್ಪಾಗುತ್ತೆ ಅಂದರು. ಹೀಗೆ ಅನ್ನಲಿಲ್ಲ.
ಮೂರನೇ ದಿನ ಕನ್ನಡಿಯಲ್ಲಿ
ಕಾಲಡಿಗೆ ಸಿಕ್ಕ ನೇರಳೆಹಣ್ಣು.
ರೆಪ್ಪೆ ಬಾತು, ಕಣ್ಣು ಬರೀ ಒಂದು ಗೀರು.
ಸಕ್ಕರೆ ಕಾರ್ಖಾನೆಯ ಕಮಟು ಕೂಡ ಮೂಗಿಗೆ ತಾಕಲಿಲ್ಲ ವಾರವಿಡೀ.

ಬೋರಲಿಂಗು ಚೆಸ್ಕಾಂ ಲೈನ್‌ಮನ್.
ಕಂಬ ಹತ್ತುವ ಒರಟು ಕೈಯಲ್ಲಿ, ಕರ್ಚೀಫಿನೊಳಗೆ ಐಸು ಹಿಡಿದು
ಹತ್ತು ನಿಮಿಷ, ಗಡಿಯಾರ ನೋಡುತ್ತ ಕೂರುತ್ತಿದ್ದ.
ಗುತ್ತಲು ರಸ್ತೆಯಲ್ಲಿ ಜೊತೆಗೆ ನಡೆದರೆ
ಜನ ಮೊದಲು ನನ್ನ ಕಣ್ಣು ನೋಡುತ್ತಿದ್ದರು, ಆಮೇಲೆ ಅವನ ಕೈ.
ಹಾಲಿನ ಬೂತಿನವಳು ಚಿಲ್ಲರೆಯನ್ನು
ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟಳು.
ಅಂದಿನಿಂದ ಅವನು ನನಗಿಂತ ಹತ್ತು ಮಾರು ಹಿಂದೆ.
ನಾನೇ ನಿಂತು ಕಾಯುತ್ತಿದ್ದೆ.

ಎಂಟನೇ ದಿನ ಮೇಜಿಗೆ ಮರಳಿದೆ.
ನೇರಳೆ ಹಸಿರಾಗಿ, ಅಂಚು ಹಳದಿಗೆ ತಿರುಗಿತ್ತು.
ಹೊಳಲಿನ ಸುಕನ್ಯ ಬಂದು ಕೂತಳು, ಸೆರಗು ಕೆನ್ನೆಗೆ ಒತ್ತಿ.
ಇಂಥವರ ಮೊದಲ ಸಾಲು ನನಗೆ ಬಾಯಿಪಾಠ:
ಬಚ್ಚಲಲ್ಲಿ ಜಾರಿದೆ. ಹಸು ಹಾಯಿತು. ಬಾಗಿಲು ತಗುಲಿತು.
ಬೆರಳು ಆಗಲೇ 'ಬ' ಒತ್ತಿತ್ತು.
ಅವಳು ನನ್ನ ಮುಖ ನೋಡಿದಳು. ಬಹಳ ಹೊತ್ತು.
"ನಿಮ್ಗೂನಾ ಅಕ್ಕ?" ಅಂದಳು.

ಹೇಳಬಹುದಿತ್ತು.
ಡಿಸ್ಚಾರ್ಜ್ ಚೀಟಿ ಚೀಲದಲ್ಲೇ ಇತ್ತು.
ಕರೆಂಟು ಇತ್ತು, ಕಾಗದ ಇತ್ತು. ನಾನು ಸುಮ್ಮನಿದ್ದೆ.

ಸೆರಗು ಸರಿಸಿದಳು.
ನಾಲ್ಕು ಪುಟ ಹೇಳಿದಳು, ತಾರೀಖು ಸಮೇತ,
ಕಬ್ಬಿನ ಜಲ್ಲೆ ಎಂದೂ
ಅತ್ತೆ ಎದ್ದು ಟೀವಿ ಸದ್ದು ಜೋರು ಮಾಡಿದಳೆಂದೂ.
"ಎಡಗಣ್ಣಿನ ಕೆಳಗೆ ಊತ ಹಾಗೂ ರಕ್ತ ಹೆಪ್ಪುಗಟ್ಟಿದ ಗುರುತು"
ಎಂದು ಟೈಪು ಮಾಡುವಾಗ
ಯಾರದನ್ನು ಬರೆಯುತ್ತಿದ್ದೇನೆ, ಒಂದು ಗಳಿಗೆ ತಿಳಿಯಲಿಲ್ಲ.

ಇಪ್ಪತ್ತು ದಿನಕ್ಕೆ ಮತ್ತೆ ಬಂದಳು. ನನ್ನ ಮುಖ ತಿಳಿಯಾಗಿತ್ತು.
"ವಾಸಿಯಾಯ್ತಲ್ಲ ಅಕ್ಕ! ನಿಮ್ಮೋರು ಸರಿಹೋದ್ರು ಅನ್ನಿ.
ನಮ್ಮೋರೂ ಸರಿಹೋಗ್ತಾರೇನೋ.
ಅದ ವಾಪಸ್ ತಗಳಾಕೆ ಒಂದರ್ಜಿ ಹೊಡೀರಿ."

ಆಗ ಹೇಳಿದೆ. ಕೊಳವೆ, ಕಿಂಡಿ, ಪಾಂಡವಪುರದ ಡಾಕ್ಟರು, ಐಸು,
ಹತ್ತು ಮಾರು ಹಿಂದೆ ನಡೆದವನು.
ಚೀಟಿ ತೋರಿಸಿದೆ. ಅವಳಿಗೆ ಬಾರದ ಇಂಗ್ಲಿಷು.
ತಿರುಗಿಸಿ, ಹಿಂಬದಿಯನ್ನೂ ನೋಡಿ, ಮಡಿಚಿ ಕೈಗಿತ್ತಳು.
"ಎಷ್ಟು ಖರ್ಚಾಯ್ತು?" ಅಂತಷ್ಟೇ ಕೇಳಿದಳು.
ಪರದೆಯ ಮೇಲೆ ಖಾಲಿ ಹಾಳೆ. ಕರ್ಸರ್ ಮಿಟುಕುತ್ತಿತ್ತು.
ಅವಳು ಬರೆಸಲೂ ಇಲ್ಲ, ಎದ್ದು ಹೋಗಲೂ ಇಲ್ಲ,
ಮದ್ದೂರು ಬಸ್ಸು ಎರಡು ಹೋದವು.

ಈಗ ಕಣ್ಣು ಸೋರುವುದಿಲ್ಲ.
ಹೊರಗೆ ಏನೂ ಕಾಣದು.
ಒಳದಾರಿಯಲ್ಲಿ ಇಳಿದು
ಗಂಟಲಿಗೆ ಬಂದಾಗ ಮಾತ್ರ
ಉಪ್ಪು.